ಶನಿವಾರ ರಾತ್ರಿಯೊಳಗೆ ಮನೆ ಸೇರುತ್ತಿದ್ದ ಲಾರಿ

ಪ್ರಿಯ ಗೆಳೆಯ,

ನನ್ನ ಪತ್ರಗಳಲ್ಲಿ ‘ಲಾರಿ ಅಜ್ಜ’ ಎಂದು ಬರೆಯುತ್ತಿದ್ದೆನಲ್ಲ, ಕೆನಡಾದ ಮ್ಯಾನಿಟೋಬಾ ಪ್ರಾಂತದ ಸ್ಟೈನ್‌ಬಾಕ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ಯಜಮಾನರು, ಅವರು ಕಳೆದ ವಾರ ತೀರಿಕೊಂಡರು. 86 ವರ್ಷವಾಗಿತ್ತು. ನಿನ್ನ ತಂದೆಯವರು ಹುಬ್ಬಳ್ಳಿ–ಮುಂಬೈ ಲಾರಿ ಲೈನಿನಲ್ಲಿ ಆಯುಷ್ಯ ಸವೆಸಿದವರಾದ್ದರಿಂದ, ಈ ಸುದ್ದಿಯನ್ನು ಫೋನಿನಲ್ಲಿ ಎರಡು ಮಾತಿಗೆ ಮುಗಿಸಲು ಮನಸ್ಸಾಗಲಿಲ್ಲ.

ಅವರು ಮೆನೊನೈಟ್ ಎಂಬ ಕ್ರೈಸ್ತ ಪಂಗಡದವರೆಂದು ಹೇಳಿದಾಗ, ಮೋಟಾರು ಮುಟ್ಟದೆ ಕುದುರೆ ಗಾಡಿಯಲ್ಲೇ ಓಡಾಡುವವರೇ ಎಂದು ನೀನು ಕೇಳಿದ್ದೆ. ಹಾಗೆ ಬದುಕುವ ಮೆನೊನೈಟರೂ ಇದ್ದಾರೆ, ಆದರೆ ಇವರು ಹದಿನೆಂಟು ಚಕ್ರದ ಲಾರಿ ಓಡಿಸಿದವರು. ಹದಿನಾರನೇ ಶತಮಾನದ ಮೆನೊ ಸೈಮನ್ಸ್ ಎಂಬ ಪಾದ್ರಿಯ ಹೆಸರು ಹೊತ್ತ ಈ ಜನ, ತಿಳಿವಳಿಕೆ ಬಂದ ಮೇಲಷ್ಟೇ ದೀಕ್ಷಾಸ್ನಾನ, ಯಾವ ಕಾರಣಕ್ಕೂ ಕೈಗೆ ಆಯುಧವಿಲ್ಲ ಎಂಬ ಹಟಕ್ಕಾಗಿ ನೆದರ್‌ಲೆಂಡ್ಸ್‌ನಿಂದ ವಿಸ್ಟುಲಾ ನದಿಯ ಮುಖಜ ಭೂಮಿಗೆ, ಅಲ್ಲಿಂದ ಉಕ್ರೇನಿನ ಬಯಲಿಗೆ ಗಂಟುಮೂಟೆ ಹೊತ್ತವರು. ರಷ್ಯಾದ ಚಕ್ರವರ್ತಿ ಸೈನ್ಯದ ಸೇವೆಯನ್ನು ಎಲ್ಲರಿಗೂ ಕಡ್ಡಾಯ ಮಾಡಲು ಹೊರಟಾಗ ಅಲ್ಲಿಂದಲೂ ಎದ್ದರು. 1874ರಿಂದ 1880ರ ನಡುವೆ ಸುಮಾರು 7,000 ಮಂದಿ ಮ್ಯಾನಿಟೋಬಾಕ್ಕೆ ಬಂದರು. ಅಜ್ಜನ ಹಿರೀಕರು ಆ ವಲಸೆಯವರು. ಎರಡನೇ ಮಹಾಯುದ್ಧ ಬಂದಾಗ ಅವರ ಚಿಕ್ಕಪ್ಪ ಬಂದೂಕು ಹಿಡಿಯುವುದಿಲ್ಲವೆಂದು ಬರೆದುಕೊಟ್ಟು, ರೈಡಿಂಗ್ ಮೌಂಟನ್ ರಾಷ್ಟ್ರೀಯ ಉದ್ಯಾನದ ಶಿಬಿರದಲ್ಲಿ ಮರ ಕಡಿದರಂತೆ. ಊರಿನ ಕೆಲವರು ಅವರನ್ನು ಹೇಡಿ ಎಂದದ್ದನ್ನು ಅಜ್ಜ ಒಮ್ಮೆ ಮಾತ್ರ ಹೇಳಿದ್ದರು, ಅದೂ ಟೈರಿಗೆ ಗಾಳಿ ತುಂಬುತ್ತಾ, ನನ್ನ ಮುಖ ನೋಡದೆ.

ರೈತರು ಲಾರಿ ಹಿಡಿದದ್ದೇಕೆ ಎಂದು ನಿನಗೆ ಅನ್ನಿಸಬಹುದು. ರೈಲು ದಾರಿ ಸ್ಟೈನ್‌ಬಾಕ್ ಊರನ್ನು ಮುಟ್ಟಲೇ ಇಲ್ಲ, ಕೆಲವು ಮೈಲಿ ಆಚೆಗಿನ ಜಿರೂ ಎಂಬಲ್ಲಿ ಹಾದುಹೋಯಿತು. ಹೀಗಾಗಿ ಇಲ್ಲಿಯವರು ಮೋಟಾರನ್ನೇ ನಂಬಿದರು. ಅಜ್ಜನಿಗೆ ಇದ್ದದ್ದು 320 ಎಕರೆ. ನಮ್ಮ ಲೆಕ್ಕದಲ್ಲಿ ಅದು ಜಮೀನ್ದಾರಿಕೆಯೇ, ಆದರೆ ತಿಂಗಳುಗಟ್ಟಲೆ ಹಿಮದ ಕೆಳಗಿರುವ ಈ ಸೀಮೆಯಲ್ಲಿ ನಾಲ್ಕು ಮಕ್ಕಳ ಸಂಸಾರಕ್ಕೆ ಅದು ಸಾಲುತ್ತಿರಲಿಲ್ಲ. ಮೊದಲು ಸುಗ್ಗಿಯಲ್ಲಿ ಅಕ್ಕಪಕ್ಕದವರ ಗೋಧಿ ಸಾಗಿಸಿದರು, ಆಮೇಲೆ ದೊಡ್ಡ ಲಾರಿ ಕೊಂಡು ಇಲ್ಲಿ ತಯಾರಾಗುವ ಮರದ ಕಿಟಕಿಗಳ ಲೋಡು ಹಿಡಿದು ಅಮೆರಿಕದ ಕಾನ್ಸಾಸ್‌ವರೆಗೆ ಹೋಗತೊಡಗಿದರು. ಅದೇ 1870ರ ದಶಕದಲ್ಲಿ ಉಕ್ರೇನಿನಿಂದ ‘ಟರ್ಕಿ ರೆಡ್’ ಎಂಬ ಚಳಿಗಾಲದ ಗೋಧಿಯ ಬೀಜ ತಂದು ಕಾನ್ಸಾಸ್‌ನಲ್ಲಿ ನೆಲೆಯೂರಿದ ಮೆನೊನೈಟರ ಹಳ್ಳಿಗಳು ಅಲ್ಲಿವೆ. ಮುಖಪರಿಚಯವೂ ಇಲ್ಲದ ಮನೆಯ ಬಾಗಿಲಲ್ಲಿ ನಿಂತು ತಮ್ಮ ಜನರ ಮನೆಮಾತಾದ ಪ್ಲಾಟ್‌ಡೀಚ್ ಭಾಷೆಯಲ್ಲಿ ನಾಲ್ಕು ಮಾತಾಡಿದರೆ ಸಾಕು, ಊಟ, ಹಾಸಿಗೆ ಎರಡೂ ಸಿಗುತ್ತಿದ್ದವಂತೆ.

ಅವರದೊಂದು ಕಟ್ಟುನಿಟ್ಟಿತ್ತು: ಸೋಮವಾರ ಹೊರಟರೆ ಶನಿವಾರ ರಾತ್ರಿಯೊಳಗೆ ಮನೆ. ಭಾನುವಾರದ ಬಾಡಿಗೆ ಎಷ್ಟೇ ಕೊಟ್ಟರೂ ಬೇಡ. ಭಾನುವಾರ ಒಲೆ ಹಚ್ಚಬಾರದೆಂದು ಅಜ್ಜಿ ಶನಿವಾರವೇ ಒಂದರ ಮೇಲೊಂದು ಉಂಡೆ ಕೂರಿಸಿದ ಬೆಣ್ಣೆ ಬನ್ನು ಸುಟ್ಟಿಡುತ್ತಿದ್ದರು, ಮಧ್ಯಾಹ್ನ ಇಳಿಯುವ ಹೊತ್ತು ಅದನ್ನು ಜಾಮು, ಚೀಸು, ಕಾಫಿಯ ಜೊತೆ ತಿನ್ನುತ್ತಿದ್ದರು. ಅದಕ್ಕೆ ‘ಫಾಸ್ಪಾ’ ಎನ್ನುತ್ತಾರೆ. ಯಾರು ಬಂದರೂ ಆ ಮೇಜಿಗೆ ಇನ್ನೊಂದು ಕುರ್ಚಿ ಬೀಳುತ್ತಿತ್ತು. ಆದರೂ ನಾನು ಅವರನ್ನು ಆದರ್ಶ ಗೃಹಸ್ಥರೆಂದು ಚಿತ್ರಿಸಲಾರೆ. ಮೂರನೆಯ ಮಗಳು ಹುಟ್ಟಿದಾಗ ಅವರು ಹಿಮಗಾಳಿಗೆ ಸಿಕ್ಕಿ ನಾರ್ತ್ ಡಕೋಟಾದಲ್ಲಿ ಎರಡು ದಿನ ನಿಂತಿದ್ದರು. ಅಜ್ಜಿ ಆ ಮಾತನ್ನು ಐವತ್ತು ವರ್ಷವಾದರೂ ಬಿಟ್ಟಿರಲಿಲ್ಲ. “ನಮಗೆ ಅಪ್ಪ ಎಂದರೆ ಮೊದಲು ಎಂಜಿನ್ನಿನ ಸದ್ದು, ಆಮೇಲೆ ಮನುಷ್ಯ” ಎಂದು ಅದೇ ಮಗಳು ಶವಸಂಸ್ಕಾರದ ದಿನ ನನ್ನೊಡನೆ ಹೇಳಿದಳು. ಹೇಳುವಾಗ ನಗುತ್ತಿದ್ದಳು.

ನಾನು ಕಂಡದ್ದು ಅವರ ಕೊನೆಯ ಒಂಬತ್ತು ವರ್ಷ. ಮೊದಲ ಚಳಿಗಾಲದಲ್ಲಿ, ಮೈನಸ್ 35ರ ಒಂದು ಬೆಳಿಗ್ಗೆ, ನನ್ನ ಕಾರು ಉಸಿರೆತ್ತಲಿಲ್ಲ. ಅಜ್ಜ ಹೆಗಲ ಮೇಲೆ ಕಿತ್ತಳೆ ಬಣ್ಣದ ಉದ್ದನೆಯ ವಯರಿನ ಸುರುಳಿ ಹಾಕಿಕೊಂಡು ಬಂದು, ಕಾರಿನ ಮೂತಿಯಲ್ಲಿ ಜೋತಾಡುತ್ತಿದ್ದ ಪ್ಲಗ್ಗನ್ನು ತೋರಿಸಿದರು. ರಾತ್ರಿ ಅದಕ್ಕೆ ಕರೆಂಟು ಕೊಟ್ಟರೆ ಎಂಜಿನ್ನು ಹೆಪ್ಪುಗಟ್ಟುವುದಿಲ್ಲ. ಎರಡು ವರ್ಷದಿಂದ ಆ ಕಾರು ನನ್ನಲ್ಲಿದ್ದರೂ ಅದು ಏನೆಂದು ನನಗೆ ತಿಳಿದಿರಲಿಲ್ಲ. ಅವರು ನಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ನಾನು ಮರೆತಿದ್ದ ವಯರನ್ನು ಯಾರೋ ಸಿಕ್ಕಿಸಿದ್ದರು.

ಮಾತಿಗಿಂತ ಕೈ ಮುಂದು ಎನ್ನುವ ಈ ಗುಣ ಅವರೊಬ್ಬರದಲ್ಲ, ಅವರ ಜನರದು. 1976ರಲ್ಲಿ ಕೆನಡಾದ ಮೆನೊನೈಟ್ ರೈತರು, ಬೆಳೆ ಹೆಚ್ಚಾದ ವರ್ಷದ ಧಾನ್ಯವನ್ನು ಹಸಿದ ದೇಶಗಳಿಗೆಂದು ಕೂಡಿಡುವ ಏರ್ಪಾಡು ಮಾಡಿಕೊಂಡರು; 1983ರಲ್ಲಿ ಬೇರೆ ಚರ್ಚುಗಳೂ ಸೇರಿ ಅದು ‘ಕೆನೇಡಿಯನ್ ಫುಡ್‌ಗ್ರೇನ್ಸ್ ಬ್ಯಾಂಕ್’ ಆಯಿತು. ಅದಕ್ಕಾಗಿ ಊರಿನವರು ಕೂಡಿ ಒಂದು ಹೊಲ ಬಿತ್ತುತ್ತಾರೆ. ಕೊಯ್ಲಿನ ದಿನ ಅಷ್ಟೂ ಮನೆಗಳ ಕಟಾವು ಯಂತ್ರಗಳು ಸಾಲಾಗಿ ಇಳಿದು ಮಧ್ಯಾಹ್ನದೊಳಗೆ ಹೊಲ ಬರಿದಾಗುವುದನ್ನು ನೋಡಿದಾಗ ನನಗೆ ನಮ್ಮ ಕಡೆಯ ಮುಯ್ಯಾಳು ನೆನಪಾಯಿತು. ಎಂಬತ್ತು ದಾಟಿದ ಮೇಲೂ ಅಂದು ಧಾನ್ಯದ ಲಾರಿ ಅಜ್ಜನದೇ, ಮಗನಿಗೂ ಸ್ಟೀರಿಂಗ್ ಕೊಡುತ್ತಿರಲಿಲ್ಲ.

ಮಣ್ಣು ಕೊಡುವ ದಿನ ಶವಪೆಟ್ಟಿಗೆ ಇಳಿಸಿದ ಮೇಲೆ ಮಕ್ಕಳು, ಮೊಮ್ಮಕ್ಕಳು ತಾವೇ ಸಲಿಕೆ ಹಿಡಿದು ಗುಂಡಿ ಮುಚ್ಚಿದರು. ನನ್ನ ಕೈಗೂ ಒಂದು ಸಲಿಕೆ ಬಂತು. ಹೆಪ್ಪುಗಟ್ಟಿದ ಮಣ್ಣಿನ ಹೆಂಟೆ ಮರದ ಮೇಲೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಒಣದ್ರಾಕ್ಷಿ ಬನ್ನು, ಚೀಸು, ಸಕ್ಕರೆ ಅಚ್ಚು, ಕಾಫಿ.

ಈ ಪತ್ರವನ್ನು ನಿನ್ನ ತಂದೆಯವರಿಗೆ ಓದಿ ಹೇಳು. ಕಾನ್ಸಾಸ್ ಎಷ್ಟು ದೂರ ಎಂದು ಅವರು ಕೇಳದೆ ಬಿಡುವುದಿಲ್ಲ. ಒಂದು ಕಡೆಗೆ ಹೆಚ್ಚುಕಡಿಮೆ 1,400 ಕಿಲೋಮೀಟರ್, ಘಾಟಿಯೇ ಇಲ್ಲ, ಕ್ಲೀನರ್ ಕೂಡ ಇರಲಿಲ್ಲ ಎಂದು ಹೇಳು.

ನಿನ್ನ,
ಗೆಳೆಯ