ಲೇ-ಬೈನಲ್ಲಿ ಮಲಗಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ಶುಕ್ರವಾರ ಆಫೀಸ್ ಮುಗಿಸಿ ಬರ್ಮಿಂಗ್‌ಹ್ಯಾಮ್‌ನಿಂದ ಗ್ಲಾಸ್ಗೋಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆ ಅಂದೆ. ಹೋಗು, ಅದಕ್ಕಲ್ಲ ನನ್ನ ತಕರಾರು. ‘ನಿದ್ದೆ ಬಂದರೆ ಯಾವುದಾದರೂ ಲೇ-ಬೈನಲ್ಲಿ ಮಲಗ್ತೀನಿ ಚಿಕ್ಕಮ್ಮ’ ಅಂದೆಯಲ್ಲ, ಆ ಮಾತು ತಲೆಯಲ್ಲಿ ಕೊರೆಯುತ್ತಿದೆ. ಲೇ-ಬೈ ಅಂದರೆ ರಸ್ತೆ ಪಕ್ಕದಲ್ಲಿ ಗಾಡಿ ನಿಲ್ಲಿಸಲು ಬಿಟ್ಟ ಜಾಗ, ಅಷ್ಟೇ.

ನೀನು ಹೋಗುವುದು ಇಲ್ಲಿನ ಎಕ್ಸ್‌ಪ್ರೆಸ್‌ವೇ ಆದ ಎಂ6 ಮೋಟರ್‌ವೇ ಮೇಲೆ. ಅಲ್ಲಿ ಲೇ-ಬೈಗಳೇ ಇಲ್ಲ. ಅವೆಲ್ಲ ಎ ರಸ್ತೆಗಳಲ್ಲಿ, ಅಂದರೆ ಮೋಟರ್‌ವೇ ಅಲ್ಲದ ಮುಖ್ಯ ರಸ್ತೆಗಳಲ್ಲಿ. ಮೋಟರ್‌ವೇ ಪಕ್ಕದ ಹಾರ್ಡ್ ಶೋಲ್ಡರ್ ಎಂಬ ಖಾಲಿ ಪಟ್ಟಿ, ಕಿತ್ತಳೆ ಬಣ್ಣ ಬಳಿದ ಎಮರ್ಜೆನ್ಸಿ ಜಾಗ, ಎರಡೂ ಆಪತ್ತಿಗೆ ಮಾತ್ರ. ನಮ್ಮೂರಲ್ಲಿ ಹುಣಸೆ ಮರದ ನೆರಳು ಕಂಡಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದೆವಲ್ಲ, ಅದು ಇಲ್ಲಿ ನಡೆಯಲ್ಲ.

ನಾನೂ ನಿನ್ನ ಹಾಗೇ ಅಂದುಕೊಂಡಿದ್ದೆ. ಬ್ರಿಟನ್ನಿಗೆ ಬಂದ ಹೊಸದರಲ್ಲಿ ಒಂದು ರಾತ್ರಿ ಎ34ರ ಲೇ-ಬೈನಲ್ಲಿ ನಿಲ್ಲಿಸಿದೆವು. ಕೆಲವು ಲೇ-ಬೈಗಳಿಗೂ ರಸ್ತೆಗೂ ನಡುವೆ ಹುಲ್ಲಿನ ದಿಬ್ಬ ಇರುತ್ತದೆ. ಇದಕ್ಕೆ ಅದೂ ಇರಲಿಲ್ಲ, ರಸ್ತೆಯನ್ನೇ ಒಂದಿಷ್ಟು ಅಗಲ ಮಾಡಿದ್ದರು. ದೀಪವಿಲ್ಲ. ಒಂದೊಂದು ಲಾರಿ ಹೋದಾಗಲೂ ಕಾರು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಹೊರಡುವಾಗ ಇನ್ನೂ ಫಜೀತಿ. ವೇಗ ಹಿಡಿಯಲು ಜಾಗವೇ ಇಲ್ಲ, ನಿಂತಲ್ಲಿಂದಲೇ 70 ಮೈಲಿ ವೇಗದ ಸಾಲಿಗೆ ನುಗ್ಗಬೇಕು. ನಿಮ್ಮ ಚಿಕ್ಕಪ್ಪ ಕನ್ನಡಿ ನೋಡುತ್ತ ಕೂತೇ ಇದ್ದರು. ಹಗಲಲ್ಲಿ, ದಿಬ್ಬ ಇರುವ ಕಡೆ, ವ್ಯಾನಿನವನ ಹತ್ತಿರ ಚಹಾ ಕುಡಿಯುವುದಾದರೆ ಬೇಡ ಅನ್ನಲ್ಲ.

ಎಲ್ಲಿ ನಿಲ್ಲುವುದು ಅಂತ ಮನೆಯಲ್ಲೇ ಬರೆದಿಟ್ಟುಕೋ. ಎರಡು ಗಂಟೆ ಓಡಿಸಿದರೆ 15 ನಿಮಿಷವಾದರೂ ವಿಶ್ರಾಂತಿ ಬೇಕು ಅಂತ ಇಲ್ಲಿನ ಸಂಚಾರ ನಿಯಮದ ಪುಸ್ತಕ ಹೈವೇ ಕೋಡ್ ಹೇಳುತ್ತದೆ. ಕೀಲ್, ಚಾರ್ನಾಕ್ ರಿಚರ್ಡ್, ಲ್ಯಾಂಕಾಸ್ಟರ್, ಹೀಗೆ ಊಟ, ಶೌಚಾಲಯ, ಪೆಟ್ರೋಲ್ ಎಲ್ಲ ಇರುವ ಸರ್ವೀಸಸ್‌ಗಳು ಸಿಗುತ್ತಾ ಹೋಗುತ್ತವೆ. ಮ್ಯಾಪಿನಲ್ಲಿ ಕಂಡದ್ದೆಲ್ಲ ನಿನ್ನ ಕಡೆಯದಲ್ಲ, ನೆನಪಿರಲಿ. ಬರ್ಟನ್-ಇನ್-ಕೆಂಡಲ್ ಉತ್ತರಕ್ಕೆ ಹೋಗುವವರಿಗೆ ಮಾತ್ರ. ಕಿಲಿಂಗ್ಟನ್ ಲೇಕ್ ದಕ್ಷಿಣಕ್ಕೆ ಬರುವವರಿಗೆ, ಅದು ವಾಪಸ್ ಬರುವಾಗ ಸಿಗುತ್ತದೆ. ಮೋಟರ್‌ವೇ ಸರ್ವೀಸಸ್ ದಿನವಿಡೀ ತೆರೆದಿರಬೇಕು, ಶೌಚಾಲಯಕ್ಕೆ ದುಡ್ಡಿಲ್ಲ. ಪಾರ್ಕಿಂಗ್ ಮಾತ್ರ 2 ಗಂಟೆ ಪುಕ್ಕಟೆ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಹಾಗಾಗಿ ಅಲಾರಂ ಇಟ್ಟು ಮಲಗು. ಒಂದು ಕಡೆ ನಾನು ಗೊರಕೆ ಹೊಡೆದ ಬಿಲ್ಲು ಮನೆಗೇ ಬಂತು! ಪೆಟ್ರೋಲ್ ಅಲ್ಲಿ ಜಾಸ್ತಿ ರೇಟು, ಸೂಪರ್ ಮಾರ್ಕೆಟ್ಟಿನಲ್ಲೇ ತುಂಬಿಸಿಕೊಂಡು ಹೊರಡು.

ಕಾರು ಕೈಕೊಟ್ಟರೆ ಎಡಗಡೆ ಬಾಗಿಲಿಂದ ಇಳಿ. ತಡೆಗೋಡೆ ದಾಟಿ ಆಚೆ ನಿಲ್ಲು. ಮಳೆ, ಚಳಿ ಅಂತ ಸುಮ್ನೆ ಒಳಗೆ ಕೂರಬೇಡ. ಆ ದಪ್ಪ ಜಾಕೆಟ್ ಡಿಕ್ಕಿಯಲ್ಲಲ್ಲ, ಪಕ್ಕದ ಸೀಟಿನ ಮೇಲಿರಲಿ. ಹಾರ್ಡ್ ಶೋಲ್ಡರ್ ಅಂಚಿನ ಪುಟ್ಟ ಕಂಬಗಳ ಮೇಲೆ ಬಾಣದ ಗುರುತಿದೆ, ಹತ್ತಿರದ ಎಮರ್ಜೆನ್ಸಿ ಫೋನ್ ಯಾವ ಕಡೆ ಅಂತ ತೋರಿಸುತ್ತದೆ. ನಡುರಸ್ತೆಯಲ್ಲೇ ನಿಂತುಹೋಗಿ ಇಳಿಯಲು ಆಗದಿದ್ದರೆ ಬೆಲ್ಟ್ ಬಿಚ್ಚಬೇಡ. ಹಜಾರ್ಡ್ ಲೈಟ್ ಹಾಕಿ ತುರ್ತು ನಂಬರ್ 999ಕ್ಕೆ ಫೋನ್ ಮಾಡು.

ಲ್ಯಾಂಕಾಸ್ಟರ್ ದಾಟಿ ಸ್ವಲ್ಪ ದೂರಕ್ಕೆ ಟೀಬೇ ಬರುತ್ತದೆ. 1972ರಲ್ಲಿ ಅಲ್ಲಿನ ಒಂದು ರೈತ ಕುಟುಂಬ ಶುರುಮಾಡಿದ ಸರ್ವೀಸಸ್ ಅದು, ಸುತ್ತಲೂ ಗುಡ್ಡ. ಅಲ್ಲಿ ನಿಂತು ನನಗೊಂದು ಮೆಸೇಜ್ ಹಾಕು, ಎದ್ದೇ ಇರುತ್ತೇನೆ. ವಾಪಸ್ ಬರುವಾಗ ಅಲ್ಲಿಂದ ಒಳ್ಳೆಯ ಚೀಸ್ ತಾ.

ನಿನ್ನ
ಚಿಕ್ಕಮ್ಮ