ಕ್ಯಾನ್ಸರ್ ಹಬ್ಬುವುದನ್ನು ತಡೆಯುವ ಚಿಕಿತ್ಸೆಯೂ ಖಾರ್ಘರ್‌ನಲ್ಲೇ ರೂಪುಗೊಳ್ಳಲಿ: ಮಹಾರಾಷ್ಟ್ರದ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರ್ವಜನಿಕ ಆರೋಗ್ಯ ಸಚಿವರಿಗೆ ಮುಂಬಯಿ ಕನ್ನಡಿಗನ ಗೌರವಪೂರ್ವಕ ನಮಸ್ಕಾರಗಳು.

ಕ್ಯಾನ್ಸರ್ ದೇಹದ ಬೇರೆ ಅಂಗಗಳಿಗೆ ಹಬ್ಬದಂತೆ ತಡೆಯಬಲ್ಲ, ವಂಶವಾಹಿ ಮಾರ್ಪಡಿಸಿದ ರಕ್ತಕೋಶಗಳ ಸಂಶೋಧನೆಗೆ ಮುಂದಿನ ಬಜೆಟ್‌ನಲ್ಲಿ ಪ್ರತ್ಯೇಕ ಅನುದಾನ ಮೀಸಲಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಕಲಬುರಗಿ, ವಿಜಯಪುರ, ಹುಬ್ಬಳ್ಳಿ ಕಡೆಯಿಂದ ಪರೇಲ್‌ನ ಟಾಟಾ ಆಸ್ಪತ್ರೆಗೆ ಬರುವವರಿಗೆ ಭಾಷೆಯ ನೆರವು ನೀಡುವ ಕೆಲವರಲ್ಲಿ ನಾನೂ ಒಬ್ಬ. ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ ಮುಗಿಸಿ ದಾದರ್‌ನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ಉಳಿದಿದ್ದ ತಾಯಿಯೊಬ್ಬರು ಹೊಸ ಸ್ಕ್ಯಾನ್ ವರದಿಯನ್ನು ನನ್ನ ಕೈಗಿತ್ತು, "ಓದೂದು ಆಮ್ಯಾಲ, ಹಬ್ಬೇದೋ ಇಲ್ಲೋ ಅಷ್ಟ ಹೇಳ್ರಿ" ಎಂದರು. ಗಡ್ಡೆ ತೆಗೆದ ಜಾಗ ಮಾಯ್ದಿತ್ತು. ವರದಿ ಹೇಳುತ್ತಿದ್ದುದು ಶ್ವಾಸಕೋಶದ ವಿಷಯ. ಗಡ್ಡೆ ರೂಪದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಸಾವು ಸಂಭವಿಸುವುದು ಹೀಗೆ ಹಬ್ಬಿದ ರೋಗದಿಂದಲೇ.

ಕ್ಯಾನ್ಸರ್ ಕೋಶ ಬೀಜವಾದರೆ ಅದು ನೆಲೆಯೂರುವ ಅಂಗ ಮಣ್ಣು ಎಂದು ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದರು. ಬೀಜ ಬೀಳುವ ಮುನ್ನವೇ ಗಡ್ಡೆಯು ದೂರದ ಅಂಗಕ್ಕೆ ಸಂಕೇತಗಳನ್ನು ಕಳಿಸಿ ಮಣ್ಣನ್ನು ಹದಗೊಳಿಸುತ್ತದೆ ಎಂಬುದು ಈಗ ತಿಳಿದಿದೆ. ಮೈಲಾಯ್ಡ್ ಎಂಬ ಬಿಳಿ ರಕ್ತಕೋಶಗಳು ಆ ಕರೆಗೆ ಓಗೊಟ್ಟು ಅಲ್ಲಿ ಸೇರಿ, ರೋಗನಿರೋಧಕ ಶಕ್ತಿಯನ್ನು ಅಡಗಿಸಿಬಿಡುತ್ತವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು ಇದೇ ಗುಣವನ್ನು ಬಳಸಿಕೊಂಡು, ಇಂಟರ್‌ಲ್ಯೂಕಿನ್-12 ಎಂಬ ಎಚ್ಚರಿಕೆಯ ಸಂದೇಶವಸ್ತುವನ್ನು ಸ್ರವಿಸುವಂತೆ ಮೈಲಾಯ್ಡ್ ಕೋಶಗಳನ್ನು ಮಾರ್ಪಡಿಸಿ ಇಲಿಗಳಿಗೆ ನೀಡಿದರು. ಶ್ವಾಸಕೋಶಕ್ಕೆ ಹೋದ ಆ ಕೋಶಗಳು ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಬದಲು, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ-ಕೋಶಗಳೆಂಬ ಬಿಳಿ ರಕ್ತಕೋಶಗಳನ್ನು ಎಚ್ಚರಗೊಳಿಸಿದವು, ಕ್ಯಾನ್ಸರ್ ಹಬ್ಬುವುದು ತಗ್ಗಿತು, ಇಲಿಗಳು ಹೆಚ್ಚು ಕಾಲ ಬದುಕಿದವು ಎಂದು 2021ರಲ್ಲಿ ಪ್ರಕಟವಾಯಿತು. ಇಲಿಯ ಫಲಿತಾಂಶ ಮನುಷ್ಯರ ಚಿಕಿತ್ಸೆಯಲ್ಲ ಎಂಬ ಅರಿವು ನನಗಿದೆ; ಆ ನಡುವಿನ ದಾರಿಯನ್ನು ಕ್ರಮಿಸಲೆಂದೇ ಸರಕಾರದ ಹಣ ಬೇಕು.

ಈ ಹೊಣೆ ಮಹಾರಾಷ್ಟ್ರದ್ದೇ ಏಕೆಂದರೆ, ರಕ್ತಕೋಶಗಳನ್ನು ಹೊರತೆಗೆದು ಮಾರ್ಪಡಿಸಿ ಮತ್ತೆ ರೋಗಿಗೆ ನೀಡುವ ಕೌಶಲ ಇಲ್ಲಿ ಈಗಾಗಲೇ ಇದೆ. ಪವಾಯಿಯ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ, ರೋಗಿಯದೇ ಟಿ-ಕೋಶಗಳನ್ನು ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸುವ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣೆ ಮಾಡಿದರು. ಅದು ಕೆಲವು ರಕ್ತ ಕ್ಯಾನ್ಸರ್‌ಗಳಿಗೆ ಮಾತ್ರ ಸಲ್ಲುವಂಥದ್ದು. ಆದರೆ ಅಮೆರಿಕದಲ್ಲಿ ಮೂರು ನಾಲ್ಕು ಕೋಟಿ ರೂಪಾಯಿ ತಗಲುವ ಇಂಥ ಚಿಕಿತ್ಸೆಯ ಬೆಲೆ ಇಲ್ಲಿ ಸುಮಾರು ಹತ್ತರಲ್ಲೊಂದಕ್ಕೆ ಇಳಿಯಿತು. ಆ ಬೆಲೆಯೂ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚ ಭರಿಸುವ ರಾಜ್ಯದ ಜನಾರೋಗ್ಯ ಯೋಜನೆಗೆ ನಿಲುಕದಷ್ಟು ದೂರವಿದೆ. ಆದ್ದರಿಂದ ಅನುದಾನ ಕೊಡುವಾಗಲೇ ಷರತ್ತನ್ನೂ ವಿಧಿಸಬೇಕು: ರಾಜ್ಯದ ಹಣದಿಂದ ರೂಪುಗೊಂಡ ಚಿಕಿತ್ಸೆಯ ಬೆಲೆ ನಿಗದಿಯಲ್ಲಿ ರಾಜ್ಯಕ್ಕೂ ಮಾತಿರಬೇಕು, ಮತ್ತು ಪ್ರಯೋಗಗಳಲ್ಲಿ ಪಡಿತರ ಚೀಟಿಯ ಊರು ಯಾವುದೆಂದು ನೋಡದೆ ಬಡ ರೋಗಿಗಳನ್ನು ಸೇರಿಸಿಕೊಳ್ಳಬೇಕು.

ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ, ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಸಂಸ್ಥೆಯಾದ ಆಕ್ಟ್ರೆಕ್ ಕೇಂದ್ರ ಸರಕಾರದ ಪರಮಾಣು ಶಕ್ತಿ ಇಲಾಖೆಗೆ ಸೇರಿದ್ದೆಂದು ತಮ್ಮ ಅಧಿಕಾರಿಗಳು ಹೇಳಬಹುದು. ಆದರೂ ಅಲ್ಲಿನ ಯೋಜನೆಗೆ ರಾಜ್ಯ ನೆರವಾಗಬಾರದೆಂದೇನೂ ಇಲ್ಲ. ಜೊತೆಗೆ, ಇನ್ನೂ ಸಾಬೀತಾಗದ 'ಕೋಶ ಚಿಕಿತ್ಸೆ'ಯನ್ನು ಹಬ್ಬಿದ ಕ್ಯಾನ್ಸರ್‌ಗೆ ಮದ್ದೆಂದು ಲಕ್ಷಗಟ್ಟಲೆಗೆ ಮಾರುವವರಿಗೆ ಕಡಿವಾಣ ಹಾಕಬೇಕು. ಹಾಗೆ ಹಣ ತೆತ್ತು, ಹೊಲ ಕಳೆದುಕೊಂಡು, ಕೊನೆಗೆ ಟಾಟಾ ಆಸ್ಪತ್ರೆಯ ಸರದಿಗೆ ಬಂದು ನಿಂತ ಕುಟುಂಬಗಳನ್ನು ಕಂಡಿದ್ದೇನೆ.

ಬಜೆಟ್ ಅಧಿವೇಶನಕ್ಕೆ ಮುನ್ನ ಟಾಟಾ ಸ್ಮಾರಕ ಕೇಂದ್ರ ಮತ್ತು ಐಐಟಿಯ ಸಂಶೋಧಕರನ್ನು ಕರೆಸಿ ಮಾತನಾಡಿ, ಈ ಕೆಲಸಕ್ಕೆ ಬೇಕಾದ ಮೊತ್ತವನ್ನು ಅವರಿಂದಲೇ ತಿಳಿದು, ತಮ್ಮ ನಿರ್ಧಾರವನ್ನು ಸದನದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಮಾಟುಂಗಾದ ಒಬ್ಬ ಕನ್ನಡಿಗ