ಸಾಗಿಸಿದವರು ಯಾರು?

ಪ್ರಿಯರೇ,

ನಾಜಿ ಕಚೇರಿಯೊಂದರ ಗುಮಾಸ್ತನನ್ನು ಕುರಿತ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ನೀವು ಪಟ್ಟಿರುವ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ 'ಯಹೂದಿಗಳನ್ನು ಪೂರ್ವಕ್ಕೆ ಸಾಗಿಸಲಾಯಿತು' ಎಂಬ ವಾಕ್ಯದಿಂದ ಮುಂದೆ ಹೋಗಲು ನನ್ನಿಂದಾಗಲಿಲ್ಲ. ಸಾಗಿಸಿದವರು ಯಾರು? ಮನೆಯಲ್ಲಿ, ಬೀದಿಯಲ್ಲಿ ನಾವು ಹೀಗೆ ಮಾತಾಡುವುದಿಲ್ಲ. ಇದು ಕಡತದ ಕನ್ನಡ, ಮಾಡಿದವನನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ.

ಕೊಲೆಗಾರರಿಗೂ ಬೇಕಿದ್ದದ್ದು ಇಂಥ ಭಾಷೆಯೇ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೀ ಸರೋವರದ ದಡದ ಬಂಗಲೆಯೊಂದರಲ್ಲಿ 15 ಮಂದಿ ನಾಜಿ ಅಧಿಕಾರಿಗಳು ಯುರೋಪಿನ ಯಹೂದಿಗಳ ನಾಶದ ಬಗ್ಗೆ ಚರ್ಚಿಸಿದರು. ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ ಐಖ್‌ಮನ್ ಸಿದ್ಧಪಡಿಸಿದ ನಡಾವಳಿಯಲ್ಲಿ ಅದು 'ಪೂರ್ವಕ್ಕೆ ಸ್ಥಳಾಂತರ' ಆಯಿತು. ಮರುವರ್ಷ ಅಂಕಿಅಂಶ ತಜ್ಞ ಕೊರ್ಹೆರ್ ತನ್ನ ವರದಿಯಲ್ಲಿ 'ವಿಶೇಷ ಉಪಚಾರ' ಎಂದು ಬರೆದಾಗ, ಕೊಲೆಗೆ ಹೊದಿಸಿದ್ದ ಆ ಹೊದಿಕೆಯೂ ತೆಳುವಾಯಿತೆಂದು ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ ಆ ಪದವನ್ನೇ ತೆಗೆಸಿ, 'ಸಾಗಣೆ' ಎಂದು ಬರೆಸಿದ. ಈ ತಿದ್ದುಪಡಿಯ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ತಾನು ಮಾಡುತ್ತಿರುವುದು ನ್ಯಾಯವೆಂದು ನಿಜವಾಗಿ ನಂಬಿದವನು ಒಂದು ಪದಕ್ಕೆ ಇಷ್ಟು ಹೆದರುತ್ತಿರಲಿಲ್ಲ.

1943ರ ಅಕ್ಟೋಬರ್ 4ರಂದು ಪೋಸೆನ್‌ನಲ್ಲಿ ಎಸ್‌ಎಸ್ ಅಧಿಕಾರಿಗಳ ಮುಂದೆ ಅದೇ ಹಿಮ್ಲರ್, ಯಹೂದಿಗಳ ಈ ನಾಶ ಎಂದೂ ಬರೆಯಲಾಗದ ಹೆಮ್ಮೆಯ ಪುಟ ಎಂದ. ಎರಡು ದಿನಗಳ ನಂತರ ಪಕ್ಷದ ನಾಯಕರಿಗೆ, ಹೆಂಗಸರು ಮಕ್ಕಳನ್ನೂ ಕೊಲ್ಲುವ ತೀರ್ಮಾನವನ್ನು ಬಾಯಿಬಿಟ್ಟು ಹೇಳಿದ. ಕೇಳಿಸಿಕೊಂಡ ಯಾರಿಗೂ ನಾಳೆ 'ನನಗೆ ಗೊತ್ತಿರಲಿಲ್ಲ' ಎನ್ನುವ ದಾರಿ ಉಳಿಯಲಿಲ್ಲ. ಗುಟ್ಟು ಅವರನ್ನು ಮರೆಮಾಡಿದಷ್ಟೇ ಬಿಗಿಯಾಗಿ ಒಬ್ಬರಿಗೊಬ್ಬರನ್ನು ಕಟ್ಟಿಯೂ ಹಾಕಿತು ಎಂದು ನಾನು ತಿಳಿದಿದ್ದೇನೆ.

'ಆಜ್ಞೆಯಿತ್ತು, ಬೇರೆ ದಾರಿಯಿರಲಿಲ್ಲ' ಎಂದು ನಿಮ್ಮ ಗುಮಾಸ್ತ ಕೊನೆಯಲ್ಲಿ ಹೇಳುತ್ತಾನೆ. ಹೇಳಲಿ, ಆದರೆ ನೀವು ಅವನನ್ನು ನಂಬಬೇಡಿ. 1942ರ ಜುಲೈ 13ರ ಮುಂಜಾನೆ ಪೋಲೆಂಡಿನ ಯೂಜೆಫೂಫ್ ಎಂಬ ಹಳ್ಳಿಯ ಹೊರಗೆ ಜರ್ಮನಿಯ 101ನೇ ಮೀಸಲು ಪೊಲೀಸ್ ಪಡೆಯ ಮೇಜರ್ ಟ್ರಾಪ್, ಕಣ್ಣಲ್ಲಿ ನೀರು ತಂದುಕೊಂಡು, ಯಹೂದಿಗಳನ್ನು ಕೊಲ್ಲುವ ಈ ಕೆಲಸ ತಮ್ಮಿಂದ ಆಗದೆನಿಸುವ, ವಯಸ್ಸಿನಲ್ಲಿ ಹಿರಿಯರಾದವರು ಹಿಂದೆ ಸರಿಯಬಹುದು ಎಂದ. ಸುಮಾರು 500 ಜನರಲ್ಲಿ ಆಗ ಸರಿದವರು ಹತ್ತು ಹನ್ನೆರಡು ಮಂದಿ. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ರಾತ್ರಿಯಾಗುವಷ್ಟರಲ್ಲಿ ಉಳಿದವರು ಸುಮಾರು 1,500 ಯಹೂದಿಗಳನ್ನು ಕಾಡಿನಲ್ಲಿ ಗುಂಡಿಟ್ಟು ಕೊಂದರು.

'ಕೊಂದರು' ಎಂದೇ ಬರೆದಿದ್ದೇನೆ, ಗಮನಿಸಿ. ನಿಮ್ಮ ಕಥೆಯಲ್ಲೂ ಅಂಥ ಮುಂಜಾನೆಯೊಂದು ಬೇಕು: ಗುಮಾಸ್ತ ಬೆರಳಚ್ಚು ಯಂತ್ರದ ಮುಂದೆ ಕುಳಿತಿದ್ದಾನೆ, ಒಂದು ಪದವನ್ನು ಹೊಡೆದು ಇನ್ನೊಂದನ್ನು ಹಾಕುತ್ತಾನೆ, ಏಕೆಂದು ಅವನಿಗೆ ಗೊತ್ತು. ಆ ಪುಟವನ್ನು ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತಿ ನಿಮ್ಮವ